ಎರಡನೇ ವರ್ಷಕ್ಕೂ ಪ್ಲಾನ್ ಬೇಕು

ಶಾಲೆಗೆ ಎಐ ತರಬೇಕು ಅಂತ ಈಗ ಎಲ್ಲ ಕಡೆ ಮಾತು ನಡೆಯುತ್ತಿದೆ. ಖಂಡಿತ ತರಲಿ. ಆದರೆ ಪ್ಲಾನ್ ಮಾಡುವವರು ಮೊದಲು 1975ರ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಕಥೆ ಓದಬೇಕು.

ಆ ವರ್ಷ ಆಗಸ್ಟ್ 1ರಂದು ಇಸ್ರೋ ಮತ್ತು ನಾಸಾ ಸೇರಿ 'ಸೈಟ್' ಎಂಬ ಪ್ರಯೋಗ ಶುರು ಮಾಡಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಬಂತು. ಬೆಂಗಳೂರಿನಲ್ಲೇ ಆಗ ದೂರದರ್ಶನ ಇರಲಿಲ್ಲ! ನಾಸಾದ ಎಟಿಎಸ್-6 ಉಪಗ್ರಹಕ್ಕೆ ಸುಮಾರು 9 ಮೀಟರ್ ಅಗಲದ ಆಂಟೆನಾ ಇತ್ತು, ಮೇಲೆ ಹೋದ ನಂತರ ಕೊಡೆಯಂತೆ ಬಿಚ್ಚಿಕೊಳ್ಳುವಂಥದ್ದು. ಅಷ್ಟು ದೊಡ್ಡ ಆಂಟೆನಾ ಸಿಗ್ನಲ್ಲನ್ನು ಎಲ್ಲೆಡೆ ಚೆಲ್ಲದೆ ಒಂದೇ ಕಡೆಗೆ ಒಟ್ಟುಮಾಡಿ ಕಳಿಸುತ್ತದೆ. ಹಾಗಾಗಿ ಹಳ್ಳಿಯಲ್ಲಿ 3 ಮೀಟರಿನ ಡಿಶ್ ಸಾಕಾಯಿತು, ಅದನ್ನೂ ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದಲೇ ಮಾಡಿದರು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಕೃಷಿ, ಆರೋಗ್ಯದ ಕಾರ್ಯಕ್ರಮ.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಆಂಟೆನಾ ಅಲ್ಲ. ರಜೆಯಲ್ಲಿ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಇದೇ ಟಿವಿ ಬಳಸಿ ವಿಜ್ಞಾನ ಪಾಠದ ತರಬೇತಿ ಕೊಟ್ಟರು. ಟಿವಿ ಹೋದರೂ ಕಲಿತದ್ದು ಶಿಕ್ಷಕರ ಹತ್ತಿರ ಉಳಿಯುತ್ತದೆ ಅಲ್ವಾ?

ಟಿವಿ ಹೋಯಿತು ಕೂಡ. ಉಪಗ್ರಹ ಒಂದು ವರ್ಷದ ಎರವಲು, 1976ರ ಜುಲೈ 31ಕ್ಕೆ ಅವಧಿ ಮುಗಿದು ಅಮೆರಿಕದ ಕಡೆಗೆ ವಾಪಸಾಯಿತು. ಗುಲ್ಬರ್ಗಕ್ಕೆ 1977ರಲ್ಲಿ ನೆಲದ ಟಿವಿ ಕೇಂದ್ರ ಬಂತು, ಆದರೆ ಅದು ಮುಟ್ಟುವ ದೂರ ಕಡಿಮೆ.

ಎಐ ಇಂದ ಪ್ರಯೋಜನವಿಲ್ಲ ಅಂತ ನಾನು ಹೇಳುತ್ತಿಲ್ಲ. ಮಗುವಿನ ಮಟ್ಟ ನೋಡಿ ಪ್ರಶ್ನೆ ಬದಲಿಸುವ ಮೈಂಡ್‌ಸ್ಪಾರ್ಕ್ ಎಂಬ ಸಾಫ್ಟ್‌ವೇರ್ ಮೇಲೆ ದೆಹಲಿಯಲ್ಲಿ ಒಂದು ಅಧ್ಯಯನ ನಡೆಯಿತು, 2019ರಲ್ಲಿ ಪ್ರಕಟವಾಯಿತು. ನಾಲ್ಕೂವರೆ ತಿಂಗಳಲ್ಲೇ ಮಕ್ಕಳ ಗಣಿತ, ಹಿಂದಿ ಎರಡೂ ಚೆನ್ನಾಗಿ ಸುಧಾರಿಸಿದವು. ಆರನೇ ಕ್ಲಾಸಿನ ಎಷ್ಟೋ ಮಕ್ಕಳಿಗೆ ಮೂರು, ನಾಲ್ಕನೇ ಕ್ಲಾಸಿನ ಲೆಕ್ಕವೇ ಬರುತ್ತಿರಲಿಲ್ಲ, ಸಾಫ್ಟ್‌ವೇರ್ ಅಲ್ಲಿಂದಲೇ ಶುರು ಮಾಡಿತು. ಜೊತೆಗೆ ಚಿಕ್ಕ ಗುಂಪಿನಲ್ಲಿ ಪಾಠ ಹೇಳುವವರೂ ಇದ್ದರು, ಇದನ್ನು ಮರೆಯಬಾರದು. ಸುಮ್ನೆ ಟ್ಯಾಬ್ ಹಂಚಿದರೆ ಇದು ಆಗುವುದಿಲ್ಲ.

ಈಗಿನ ಎಐ ಹೆಚ್ಚಾಗಿ ಇರುವುದು ಬೇರೆಯವರ ಸರ್ವರಿನಲ್ಲಿ. ಚಂದಾ ನಿಂತರೆ ಪಾಠವೂ ನಿಲ್ಲುತ್ತದೆ, ಬೆಲೆ ಏರಿದರೆ ಬಡ ಶಾಲೆ ಮೊದಲು ಹೊರಗೆ ಬೀಳುತ್ತದೆ. ಅದಕ್ಕೇ ಟೆಂಡರ್ ಕರೆಯುವಾಗಲೇ ರಿಪೇರಿಗೆ, ಶಿಕ್ಷಕರ ತರಬೇತಿಗೆ, ಒಳ್ಳೆಯ ಕನ್ನಡ ಪಾಠಗಳಿಗೆ ಐದು ವರ್ಷದ ದುಡ್ಡು ಬೇರೆ ಎತ್ತಿಡಬೇಕು. ಆ ಪಾಠಗಳು ಸರ್ಕಾರದ ಸ್ವತ್ತಾಗಿರಬೇಕು, ಕಂಪನಿ ಬದಲಾದರೂ ಮಾರನೇ ದಿನ ಕ್ಲಾಸಿನಲ್ಲಿ ತೆರೆಯುವಂತಿರಬೇಕು.