ರೋಹಿತದಲ್ಲಿ ಇಲ್ಲದ ಗೆರೆ, ಗ್ರೇಟಿಂಗ್‌ನಲ್ಲಿ ಇರುವ ತಪ್ಪು

1880ರ ದಶಕದಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಹೆನ್ರಿ ರೋಲೆಂಡ್ ಇಂಚಿಗೆ 14,438ರಂತೆ ಗೀರು ಎಳೆದು, ಬೆಳಕನ್ನು ಬಣ್ಣಗಳಾಗಿ (ರೋಹಿತವಾಗಿ) ಬಿಡಿಸುವ ವಿವರ್ತನ ಗ್ರೇಟಿಂಗ್ ಮಾಡುತ್ತಿದ್ದರು. ಅವುಗಳಲ್ಲಿ ಪ್ರಖರ ರೋಹಿತ ರೇಖೆಗಳ ಎರಡೂ ಮಗ್ಗುಲಲ್ಲಿ ಮಸುಕಾದ ಸುಳ್ಳು ರೇಖೆಗಳು ಕಾಣುತ್ತಿದ್ದವು. 'ಘೋಸ್ಟ್' ಎಂಬ ಹೆಸರೇ ನಿಂತಿತು. ಗೀರು ಎಳೆಯುವ ಯಂತ್ರದಲ್ಲಿ ಫಲಕ ಸರಿಸುವ ತಿರುಪಿನಲ್ಲಿ ಕೊಂಚ ಓರೆಯಿದ್ದರೂ ಸುತ್ತುಸುತ್ತಿಗೂ ಅದೇ ತಪ್ಪು ಮರುಕಳಿಸಿ, ಇನ್ನೊಂದು ಒರಟು ಗ್ರೇಟಿಂಗ್‌ನಂತೆ ಬೆಳಕನ್ನು ಒಡೆಯುತ್ತದೆ. 1901ರಲ್ಲಿ ಥಿಯೊಡೋರ್ ಲೈಮನ್ ವಿವರಿಸಿದ ಘೋಸ್ಟ್‌ಗಳು ಇನ್ನೂ ಮೋಸಗಾರ: ಮೂಲ ರೇಖೆಯಿಂದ ಬಹುದೂರ ಬೀಳುವುದರಿಂದ ನಿಜವೆಂದೇ ನಂಬಿಸುತ್ತವೆ.

ಎಷ್ಟು ತಪ್ಪು ಹೆಚ್ಚು? ಆವರ್ತಕ ದೋಷದ ಪಾರವನ್ನು (ಗೀರು ತನ್ನ ಸರಿಯಾದ ಜಾಗದಿಂದ ಸರಿಯುವ ಗರಿಷ್ಠ ದೂರ) ಗೀರಂತರದಿಂದ ಭಾಗಿಸಿ, ಪೈ ಮತ್ತು ವಿವರ್ತನ ಕ್ರಮದಿಂದ (ನೇರ ಪ್ರತಿಫಲನದಿಂದ ಎಣಿಸಿದರೆ ಎಷ್ಟನೆಯ ರೋಹಿತ ಎಂಬ ಸಂಖ್ಯೆ) ಗುಣಿಸಿ ವರ್ಗ ಮಾಡಿದರೆ ಘೋಸ್ಟ್‌ನ ಸಾಪೇಕ್ಷ ಪ್ರಖರತೆ ಸಿಗುತ್ತದೆ. ಮಿಲಿಮೀಟರಿಗೆ 1200 ಗೀರಿದ್ದಾಗ, ಮೊದಲ ಕ್ರಮದಲ್ಲಿ ಬರೀ 1 ನ್ಯಾನೊಮೀಟರ್ ದೋಷ ಲಕ್ಷಕ್ಕೆ ಸುಮಾರು 1.4 ಭಾಗ ಬೆಳಕನ್ನು ಕದಿಯುತ್ತದೆ.

1950ರ ದಶಕದಲ್ಲಿ ಎಂಐಟಿಯ ಜಾರ್ಜ್ ಹ್ಯಾರಿಸನ್ ಗೀರುಯಂತ್ರಕ್ಕೆ ಇಂಟರ್‌ಫೆರೋಮೀಟರ್ (ಬೆಳಕಿನ ಅಲೆಗಳನ್ನೇ ಅಳತೆಗೋಲಾಗಿಸುವ ಉಪಕರಣ) ನಿಯಂತ್ರಣ ಕೊಟ್ಟರು. 1960ರ ದಶಕದ ಕೊನೆಗೆ ಬಂದ ಹೊಲೊಗ್ರಾಫಿಕ್ ಗ್ರೇಟಿಂಗ್‌ಗಳಲ್ಲಿ ಎರಡು ಲೇಸರ್ ಕಿರಣಗಳು ಸೇರಿ ಮೂಡಿಸುವ ಪಟ್ಟೆಗಳೇ ಗೀರುಗಳಾಗುತ್ತವೆ, ತಿರುಪೇ ಇಲ್ಲ. ಘೋಸ್ಟ್ ಹೋಯಿತು, ಆದರೆ ಲೇಸರ್ ಕಿರಣದ ತರಂಗಮುಖದ ಡೊಂಕು, ಧೂಳಿನ ಉಂಗುರಗಳು ಗೀರುಗಳಲ್ಲೇ ಅಚ್ಚಾದವು.

ಈಗ ರೋಹಿತಕ್ಕಾಗಿ ಕಾಯದೆ ಗ್ರೇಟಿಂಗನ್ನೇ ಅಳೆಯುತ್ತಾರೆ. ಬೆಳಕು ಬಂದ ದಾರಿಯಲ್ಲೇ ಮರಳುವ ಲಿಟ್ರೋ ಕೋನಕ್ಕೆ ಅದನ್ನು ತಿರುಗಿಸಿ (633 ನ್ಯಾನೊಮೀಟರ್ ಬೆಳಕು, 1200 ಗೀರಿಗೆ 22.3 ಡಿಗ್ರಿ) ಇಂಟರ್‌ಫೆರೋಮೀಟರ್‌ನಲ್ಲಿ +1 ಮತ್ತು -1 ಕ್ರಮಗಳ ನಕ್ಷೆ ಪಡೆಯಬೇಕು. ಮೇಲ್ಮೈಯ ಉಬ್ಬುತಗ್ಗು ಎರಡರಲ್ಲೂ ಒಂದೇ ಚಿಹ್ನೆಯಲ್ಲಿ ಬರುತ್ತದೆ, ಗೀರಿನ ಸ್ಥಾನದೋಷ ವಿರುದ್ಧ ಚಿಹ್ನೆಯಲ್ಲಿ. ಕೂಡಿಸಿ ಅರ್ಧ ಮಾಡಿದರೆ ಮೊದಲನೆಯದು, ಕಳೆದು ಅರ್ಧ ಮಾಡಿದರೆ ಎರಡನೆಯದು. ಎಡವುವುದು ಇಲ್ಲೇ: ಸಾಫ್ಟ್‌ವೇರ್ ಅದನ್ನು ಕನ್ನಡಿಯೆಂದು ಭಾವಿಸಿ ಮೊದಲೇ ಎರಡರಿಂದ ಭಾಗಿಸಿರಬಹುದು; ನಕ್ಷೆಗಳು ಪಿಕ್ಸೆಲ್‌ನಷ್ಟು ಜರುಗಿದರೂ ಉಬ್ಬುತಗ್ಗು ಸ್ಥಾನದೋಷದ ವೇಷ ತೊಡುತ್ತದೆ.

ಬಳಿಕ ಸ್ಥಾನದೋಷದ ನಕ್ಷೆಯಿಂದ ಒಟ್ಟಾರೆ ಓರೆಯನ್ನು ತೆಗೆದು, ಹ್ಯಾನ್ ವಿಂಡೋ ಹಾಕಿ (ಅಂಚುಗಳನ್ನು ಮೆಲ್ಲಗೆ ಸೊನ್ನೆಗಿಳಿಸಿ) ಫೂರಿಯೇ ರೂಪಾಂತರ ಮಾಡಿದರೆ, ಅಂದರೆ ಯಾವ ಆವರ್ತನೆ ಎಷ್ಟಿದೆ ಎಂದು ಬಿಡಿಸಿದರೆ, ಆವರ್ತಕ ದೋಷ ಶಿಖರವಾಗಿ ನಿಲ್ಲುತ್ತದೆ. ಶಿಖರ ಕಂಡೊಡನೆ ಗ್ರೇಟಿಂಗನ್ನು ದೂರಬೇಡಿ. ಅದನ್ನು ಕೆಲವು ಮಿಲಿಮೀಟರ್ ಸರಿಸಿ ಮತ್ತೆ ಅಳೆಯಿರಿ. ನಕ್ಷೆಯಲ್ಲಿ ಆ ದೋಷದ ಪಟ್ಟೆಗಳೂ ಅಷ್ಟೇ ಸರಿದರೆ ತಪ್ಪು ಗ್ರೇಟಿಂಗ್‌ನದು, ನಿಂತಲ್ಲೇ ನಿಂತರೆ ಉಪಕರಣದ್ದು. ಪಿಕ್ಸೆಲ್‌ಗೆ 0.1 ಮಿಲಿಮೀಟರ್ ಇದ್ದರೆ 0.2ಕ್ಕಿಂತ ಕಿರಿದಾದ ಆವರ್ತನೆ ಸರಿಯಾಗಿ ದಾಖಲಾಗುವುದೇ ಇಲ್ಲ. ಕೆಲವೇ ಗೀರುಗಳಿಗೊಮ್ಮೆ ಮರುಕಳಿಸುವ ಲೈಮನ್ ಬಗೆಯ ದೋಷಕ್ಕೆ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ (ಚೂಪು ಮೊನೆಯಿಂದ ಮೇಲ್ಮೈಯನ್ನು ತಡವಿ ಅಳೆಯುವ ಸೂಕ್ಷ್ಮದರ್ಶಕ) ಬೇಕು, ಇಲ್ಲವೇ ಲೇಸರ್ ಹಾಯಿಸಿ ಕ್ರಮಗಳ ನಡುವಿನ ಚದುರಿದ ಬೆಳಕನ್ನೇ ಅಳೆಯಬೇಕು.