ಮಧ್ಯಾಹ್ನ 12ರಿಂದ ಹಿಂದಕ್ಕೆ ಎಣಿಸಿ

"ಸರ್, ಕುಮಾರ ಪರ್ವತ ಮೂರು ಸಲ ಹತ್ತಿದ್ದೀನಿ. ಲಾಂಗ್ಸ್ ಪೀಕ್ ಆಗುತ್ತಲ್ವಾ?"

ಬೇಸಿಗೆ ಬಂತೆಂದರೆ ಡೆನ್ವರ್ ಸುತ್ತಮುತ್ತಲಿನ ಕನ್ನಡದವರಿಂದ ಈ ಫೋನ್ ಶುರು. ಅಮೆರಿಕದ ಕೊಲೊರಾಡೊದಲ್ಲಿ ಜನರಿಗೆ ಬೆಟ್ಟ ಹತ್ತುವುದನ್ನು ಕಲಿಸುವುದು ನನ್ನ ಕೆಲಸ. ಲಾಂಗ್ಸ್ ಪೀಕ್ ಇಲ್ಲಿನ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ನ ಬೆಟ್ಟ. ನಾನೂ ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿ, ಭಟ್ಟರ ಮನೆಯಲ್ಲಿ ಅನ್ನ ಸಾರು ಉಂಡು, ಕಾಲಿನಿಂದ ಇಂಬಳ ಕಿತ್ತುಕೊಂಡು ಬಂದವನೇ. ಹಾಗಾಗಿ ಆ ಪ್ರಶ್ನೆಗೆ ನಗು ಬರುವುದಿಲ್ಲ. ಲೆಕ್ಕ ಹಾಕಿದರೆ ಹತ್ತುವ ಎತ್ತರ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಸುಮಾರು 1,500 ಮೀಟರ್. ಲಾಂಗ್ಸ್ ಪೀಕ್‌ಗೆ ಹೋಗಿಬರುವ ದೂರ ಸುಮಾರು 24 ಕಿಲೋಮೀಟರ್. ಗಟ್ಟಿ ಕಾಲಿದ್ದವರಿಗೆ ಇದೇನು ಮಹಾ ಅನ್ನಿಸುತ್ತದೆ.

ಆದರೆ ಕಾರ್ ನಿಲ್ಲಿಸುವ ಜಾಗವೇ 2,865 ಮೀಟರ್ ಎತ್ತರದಲ್ಲಿದೆ. ದಕ್ಷಿಣ ಭಾರತದ ಅತಿ ಎತ್ತರದ ಆನಮುಡಿಯ ನೆತ್ತಿಗಿಂತ ಮೇಲೆ. ಲಾಂಗ್ಸ್ ಪೀಕ್‌ನ ತುದಿ 4,346 ಮೀಟರ್. ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ 480 ಮೀಟರ್‌ಗಿಂತ ಜಾಸ್ತಿ ಬಾಕಿ ಉಳಿಯುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ. 60ರಷ್ಟು. ಇದು ಮೊದಲನೆಯ ಸಮಸ್ಯೆ, ಆದರೆ ದೊಡ್ಡದಲ್ಲ. ದೊಡ್ಡ ಸಮಸ್ಯೆ ಕೊನೆಯ 2 ಕಿಲೋಮೀಟರ್.

ಮೊದಲ 10 ಕಿಲೋಮೀಟರ್ ದಾರಿ ಬರೀ ನಡಿಗೆ. ಕಾಡು, ಆಮೇಲೆ ಮರವಿಲ್ಲದ ಬಯಲು, ಗ್ರಾನೈಟ್ ಪಾಸ್, ಆಮೇಲೆ ಬೋಲ್ಡರ್ ಫೀಲ್ಡ್ ಅನ್ನುವ ಬಂಡೆಗಳ ರಾಶಿ. ಅದರ ಮೇಲೆ ಬೆಟ್ಟದ ಏಣಿನಲ್ಲಿ ಬೀಗದ ಕಿಂಡಿಯ ಹಾಗೆ ಒಂದು ದೊಡ್ಡ ಕಂಡಿ. ಅದೇ ಕೀಹೋಲ್. ಸುಮಾರು 4,000 ಮೀಟರ್ ಎತ್ತರ. ಅದನ್ನು ದಾಟಿದ ತಕ್ಷಣ ದಾರಿ ಅನ್ನುವುದು ಮುಗಿಯುತ್ತದೆ. ಮುಂದೆ ಬಂಡೆಗೆ ಬಳಿದ ಹಳದಿ-ಕೆಂಪು ಗುರುತುಗಳೇ ಗತಿ. ಅಲ್ಲಿಂದ ತುದಿಯವರೆಗೆ ನಾಲ್ಕೂ ಕೈಕಾಲಿಗೆ ಕೆಲಸ. ಇದನ್ನೇ ಸ್ಕ್ರಾಂಬ್ಲಿಂಗ್ ಅನ್ನುವುದು. ಹಗ್ಗ ಬೇಕಾದಷ್ಟು ಕಡಿದಲ್ಲ, ಕೈ ಜೇಬಿನಲ್ಲಿಟ್ಟು ಹೋಗುವಷ್ಟು ಸಲೀಸೂ ಅಲ್ಲ. ಅಮೆರಿಕದ 1ರಿಂದ 5ರ ಅಳತೆಯಲ್ಲಿ (1 ಅಂದರೆ ಬರೀ ನಡಿಗೆ, 5 ಅಂದರೆ ಹಗ್ಗ ಬೇಕಾದ ಬಂಡೆ) ಇದು ಕ್ಲಾಸ್ 3. ಕುಮಾರ ಪರ್ವತದ ಬಹುಪಾಲು ಕ್ಲಾಸ್ 1, ಅಲ್ಲಲ್ಲಿ 2.

ಈ 2 ಕಿಲೋಮೀಟರ್ ಹತ್ತಲು ಎರಡರಿಂದ ಎರಡೂವರೆ ಗಂಟೆ ಬೇಕು. ಇಳಿಯಲೂ ಅಷ್ಟೇ. ಇಳಿಯುವುದು ಬೇಗ ಆಗುತ್ತದೆ ಅಂತ ನಂಬಿಕೊಂಡು ಬರುವವರೇ ಜಾಸ್ತಿ. ಅದಕ್ಕೇ ನಾನು ಹೇಳುವುದು, ಕಿಲೋಮೀಟರ್ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಿಡಿಯಿರಿ ಅಂತ. ಅದನ್ನೂ ಹಿಂದುಮುಂದಾಗಿ.

ಯಾಕೆ ಹಿಂದಿನಿಂದ ಎಣಿಸಬೇಕು? ಜುಲೈ-ಆಗಸ್ಟ್‌ನಲ್ಲಿ ಇಲ್ಲಿ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಮಧ್ಯಾಹ್ನಕ್ಕೆ ಗುಡುಗು ಮಿಂಚು. ದಿನಾ ಅಲ್ಲ, ಆದರೆ ನಂಬಿಕೊಂಡು ಕೂರುವಷ್ಟು ಅಪರೂಪವೂ ಅಲ್ಲ. ನಮ್ಮ ಮಲೆನಾಡಿನ ಮಳೆ ನೆನೆಸುತ್ತದೆ, ಅಷ್ಟೆ. ಇಲ್ಲಿ ಮರವಿಲ್ಲದ ಬಂಡೆಯ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಹಾಗಾಗಿ 12 ಗಂಟೆಗೆ ಕೀಹೋಲ್ ದಾಟಿ ಕೆಳಗೆ ಬಂದಿರಬೇಕು. ಇದನ್ನು ಮೊದಲು ಕಾಗದದಲ್ಲಿ ಬರೆದುಕೊಳ್ಳಿ. 12ಕ್ಕೆ ಅಂದರೆ ಸ್ವಲ್ಪ ಅಂತರವಿಟ್ಟು 11ಕ್ಕೆ ಕೀಹೋಲ್‌ಗೆ ವಾಪಸ್. ಹಾಗಾದರೆ ತುದಿ ಬಿಡುವುದು 8:45ರಿಂದ 9ರೊಳಗೆ. ತುದಿ ಮುಟ್ಟುವುದು 8:30. ಹೋಗುವಾಗ ಕೀಹೋಲ್ ದಾಟುವುದು 6ರಿಂದ 6:15, ಆಗಷ್ಟೇ ಬೆಳಕು ಹರಿದಿರುತ್ತದೆ, ಕೈ ಎಲ್ಲಿಡಬೇಕು ಅಂತ ಕಾಣುತ್ತದೆ. ಮೊದಲ 10 ಕಿಲೋಮೀಟರ್‌ಗೆ ನಾಲ್ಕು ಗಂಟೆ ಕೊಟ್ಟರೆ ಕಾರ್ ಬಿಡುವುದು ರಾತ್ರಿ 2 ಗಂಟೆಗೆ.

"ರಾತ್ರಿ ಎರಡಾ?" ಅಂತ ಎಲ್ಲರೂ ಕೇಳುತ್ತಾರೆ. ಹೌದು, ಎರಡು. ನಿಧಾನದವರಾದರೆ 1. ತಲೆಗೆ ಕಟ್ಟುವ ಟಾರ್ಚ್ ಹಾಕಿಕೊಂಡು ಕತ್ತಲಲ್ಲಿ ಸಾಲಾಗಿ ಹೋಗುವ ಬೆಳಕುಗಳು ದೂರದಿಂದ ಜಾತ್ರೆಗೆ ಹೊರಟವರ ಹಾಗೆ ಕಾಣುತ್ತವೆ. ಬೇಸಿಗೆಯ ಶನಿವಾರವಾದರೆ ಆ ಹೊತ್ತಿಗೇ ಪಾರ್ಕಿಂಗ್‌ಗೂ ಪರದಾಟ.

ಇದೇ ಕಾಗದದಲ್ಲಿ ಇನ್ನೊಂದು ಸಾಲು ಬರೆಯಿಸುತ್ತೇನೆ: ಕೀಹೋಲ್‌ಗೆ 7 ಗಂಟೆಗೆ ಬರದಿದ್ದರೆ ಅಲ್ಲಿಂದಲೇ ವಾಪಸ್. ಆಕಾಶ ಎಷ್ಟೇ ನೀಲಿ ಇರಲಿ. ಇದನ್ನು ಮನೆಯಲ್ಲಿ, ಹೊಟ್ಟೆ ತುಂಬಿರುವಾಗ, ಎಲ್ಲರೂ ಕೂತು ಒಪ್ಪಿಕೊಳ್ಳಬೇಕು. ಮೇಲೆ ಹೋದ ಮೇಲೆ ಅದು ಚರ್ಚೆಯ ವಿಷಯ ಅಲ್ಲ. ಒಂದು ವರ್ಷ ನಾಲ್ಕು ಜನರ ಗುಂಪು 8:40ಕ್ಕೆ ಕೀಹೋಲ್ ತಲುಪಿತು. ಒಬ್ಬ ಹುಡುಗನಿಗೆ ದಾರಿಯಲ್ಲಿ ಹೊಟ್ಟೆ ಕೆಟ್ಟು ತಡವಾಗಿತ್ತು. ನಾನು ವಾಪಸ್ ಅಂದೆ. ಒಬ್ಬರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಇಡೀ ದಾರಿ ನನ್ನ ಜೊತೆ ಮಾತಾಡಲಿಲ್ಲ. ಆ ದಿನ ಸಂಜೆವರೆಗೂ ಒಂದು ಹನಿ ಮಳೆ ಬೀಳಲಿಲ್ಲ! ಅವರಿಗೆ ಇವತ್ತಿಗೂ ಅದರ ಸಿಟ್ಟಿದೆ. ಇರಲಿ, ನಾಳೆಯೂ ನಾನು ಅದನ್ನೇ ಹೇಳುತ್ತೇನೆ.

ಹವಾಮಾನದ ವಿಷಯದಲ್ಲಿ ಈ ಬೆಟ್ಟಕ್ಕೆ ಒಂದು ಕೆಟ್ಟ ಗುಣ ಇದೆ. ಮೋಡ ಬರುವುದು ಹೆಚ್ಚಾಗಿ ಪಶ್ಚಿಮದಿಂದ. ನಾವು ಹತ್ತುವುದು ಪೂರ್ವದಿಂದ. ಅಂದರೆ ನಾಲ್ಕು ಗಂಟೆ ಕಾಲ ಬೆಟ್ಟವೇ ಮೋಡವನ್ನು ನಮ್ಮಿಂದ ಮುಚ್ಚಿಡುತ್ತದೆ. ಕೀಹೋಲ್‌ನಲ್ಲಿ ತಲೆ ಆಚೆ ಹಾಕಿದಾಗಲೇ ಪಶ್ಚಿಮದ ಆಕಾಶ ಮೊದಲು ಕಾಣುವುದು. ಅಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತದೆ. ಹತ್ತು ನಿಮಿಷ ನಿಂತು ನೋಡಿ. ಹೂಕೋಸಿನ ಹಾಗೆ ಮೇಲಕ್ಕೆ ಉಬ್ಬುತ್ತಿರುವ ಮೋಡ ಬೆಳಿಗ್ಗೆಯೇ ಕಂಡರೆ ಅವತ್ತು ಮುಂದೆ ಹೋಗಬೇಡಿ. ಪಕ್ಕದಲ್ಲಿ ಒಂದು ಚಿಕ್ಕ ಕಲ್ಲಿನ ಗೂಡು ಇದೆ. ಅದು ಗಾಳಿಯಿಂದ ಕಾಪಾಡಬಹುದು, ಸಿಡಿಲಿನಿಂದ ಅಲ್ಲ. 1925ರ ಜನವರಿಯಲ್ಲಿ ಆಗ್ನೆಸ್ ವೇಲ್ ಎಂಬಾಕೆ ಈ ಬೆಟ್ಟದ ಪೂರ್ವ ಮುಖವನ್ನು ಚಳಿಗಾಲದಲ್ಲಿ ಹತ್ತಿ ತುದಿ ಮುಟ್ಟಿದರು. ಇಳಿಯುವಾಗ ಬಿದ್ದು, ಚಳಿಗೆ ಸತ್ತರು. ಆ ಗೂಡು ಅವರ ನೆನಪಿನದು. ನಾನು ಜನರನ್ನು ಅಲ್ಲಿ ನಿಲ್ಲಿಸಿ ಗಡಿಯಾರ ನೋಡಿಸುತ್ತೇನೆ.

ಮುಂದಿನ ಭಾಗಕ್ಕೆ ಬರೋಣ. ಕೀಹೋಲ್ ದಾಟಿ ಎಡಕ್ಕೆ ತಿರುಗಿದರೆ ಲೆಡ್ಜಸ್, ಬೆಟ್ಟದ ಪಕ್ಕೆಯಲ್ಲಿ ಮೇಲೆ ಕೆಳಗೆ ಹೋಗುವ ಕಿರಿದಾದ ಮೆಟ್ಟಿಲು ಬಂಡೆಗಳು. ಎಡಗಡೆ ಬೆಟ್ಟ, ಬಲಗಡೆ ಕಣಿವೆ. ಆಮೇಲೆ ಟ್ರಾಫ್, ಸುಮಾರು 180 ಮೀಟರ್ ಎತ್ತರದ ಕಡಿದಾದ ಕೊರಕಲು, ತುಂಬ ಸಡಿಲ ಕಲ್ಲು. ಇಲ್ಲಿ ಹೆಲ್ಮೆಟ್ ಬೇಕೇ ಬೇಕು. ಮೇಲಿನವರ ಕಾಲಿನಿಂದ ಜಾರುವ ಒಂದು ತೆಂಗಿನಕಾಯಿ ಗಾತ್ರದ ಕಲ್ಲು ಸಾಕು. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬೇಡಿ, ಓರೆಯಾಗಿ ಹೋಗಿ. ನಿಮ್ಮಿಂದ ಕಲ್ಲು ಜಾರಿದರೆ "ರಾಕ್!" ಅಂತ ಕೂಗಿ. ಗಾಬರಿಯಲ್ಲಿ ನಮಗೆ "ಅಯ್ಯೋ" ಅಂತ ಬರುತ್ತದೆ, ಆದರೆ ಕೆಳಗಿರುವ ಅಮೆರಿಕದವರಿಗೆ ಅದು ಅರ್ಥವಾಗುವುದಿಲ್ಲ. ಮನೆಯಲ್ಲೇ ಎರಡು ಸಲ ಕೂಗಿ ಅಭ್ಯಾಸ ಮಾಡಿಸುತ್ತೇನೆ. ಮಕ್ಕಳು ನಗುತ್ತಾರೆ.

ಟ್ರಾಫ್‌ನ ತಲೆಯಲ್ಲಿ ಒಂದು ಬಂಡೆ ಅಡ್ಡ ಸಿಕ್ಕಿಕೊಂಡಿದೆ. ಅದನ್ನು ದಾಟುವುದೇ ಬಹಳ ಜನರಿಗೆ ಇಡೀ ದಿನದ ಕಷ್ಟದ ಹೆಜ್ಜೆ. ಅದರಾಚೆ ನ್ಯಾರೋಸ್. ಹೆಸರೇ ಹೇಳುವಂತೆ ಇಕ್ಕಟ್ಟಾದ ಅಂಚು, ಕೆಲವು ಕಡೆ ಎದುರಿನವರಿಗೆ ದಾರಿ ಬಿಡಲೂ ಜಾಗ ಸಾಲದು. ಕೊನೆಗೆ ಹೋಮ್‌ಸ್ಟ್ರೆಚ್, ತುದಿವರೆಗೂ ಏರುವ ನುಣುಪಾದ ಬಂಡೆ. ಸಾವನದುರ್ಗದ ಬಂಡೆಯಲ್ಲಿ ಓಡಾಡಿದವರಿಗೆ ಇದು ಗೊತ್ತಿರುವ ಸಂಗತಿ. ಹೆದರಿ ಬಂಡೆಗೆ ಅಂಟಿಕೊಂಡರೆ ಕಾಲು ಜಾರುತ್ತದೆ, ಮೈ ನೆಟ್ಟಗಿಟ್ಟು ಪಾದಕ್ಕೆ ಭಾರ ಹಾಕಿದರೆ ಶೂ ಕಚ್ಚುತ್ತದೆ. ಆದರೆ ಒಣಗಿದ್ದರೆ ಮಾತ್ರ. ರಾತ್ರಿ ಮಳೆ ಬಂದು ಬೆಳಿಗ್ಗೆ ತೆಳು ಐಸ್ ಕೂತಿದ್ದರೆ ಅದು ಕಣ್ಣಿಗೂ ಕಾಣುವುದಿಲ್ಲ. ಸಾಮಾನ್ಯವಾಗಿ ಜುಲೈ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ ಮಾತ್ರ ಈ ದಾರಿ ಹಿಮ-ಐಸ್ ಇಲ್ಲದೆ ಸಿಗುತ್ತದೆ. ಹೊರಡುವ ಮುಂಚೆ ಪಾರ್ಕಿನವರು ಪ್ರಕಟಿಸುವ ದಾರಿಯ ಸ್ಥಿತಿ ಓದಿ. ಅದರಲ್ಲಿ ಐಸ್ ಅಂತಿದ್ದರೆ ಈ ಅಂಕಣದಲ್ಲಿ ಬರೆದಿದ್ದು ನಿಮಗಲ್ಲ.

ಸರಪಳಿ, ಕಂಬಿ ಏನಾದರೂ ಇದೆಯಾ ಅಂತ ಕೇಳುತ್ತಾರೆ. ಇಲ್ಲ. ಉತ್ತರ ಮುಖದಲ್ಲಿ 1925ರಲ್ಲಿ ಕೇಬಲ್ ಹಾಕಿದ್ದರು, 1973ರಲ್ಲಿ ಅದನ್ನೂ ಕಿತ್ತರು. ನಿಮ್ಮ ನಾಲ್ಕು ಕೈಕಾಲುಗಳಲ್ಲಿ ಮೂರು ಯಾವಾಗಲೂ ಬಂಡೆಯ ಮೇಲಿರಲಿ. ಕೈ ಹಿಡಿಯುವ ಕಲ್ಲನ್ನು ಮೊದಲು ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಬಿಡಿ. ಮಂಡಿ ಊರಬೇಡಿ, ಊರಿದರೆ ಏಳುವುದು ಕಷ್ಟ. ಇಳಿಯುವಾಗ ಕಡಿದಾದ ಕಡೆ ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ ಇಳಿಯಿರಿ. ಅಂಡೂರಿ ಜಾರಿಕೊಂಡು ಬರುವವರ ಬೆನ್ನಿನ ಚೀಲ ಬಂಡೆಗೆ ತಾಗಿ ಮುಂದಕ್ಕೆ ನೂಕುತ್ತದೆ, ಗೊತ್ತಿರಲಿ.

ಇಳಿಯುವಾಗ ದಾರಿ ತಪ್ಪುವುದು ಇಲ್ಲಿ ಮಾಮೂಲಿ. ನಾನೂ ತಪ್ಪಿದ್ದೇನೆ. ಟ್ರಾಫ್ ಇಳಿಯುತ್ತಾ ಬಲಗಡೆ ಲೆಡ್ಜಸ್‌ಗೆ ತಿರುಗಬೇಕಾದ ಜಾಗ ಬಿಟ್ಟು ಸೀದಾ ಕೆಳಗೆ ಹೋಗಿಬಿಟ್ಟೆ. ಹಾಗೇ ಹೋಗಿದ್ದರೆ ಗ್ಲೇಸಿಯರ್ ಗಾರ್ಜ್ ಅನ್ನುವ ಬೇರೆಯೇ ಕಣಿವೆ. ನನ್ನ ಕಾರಿದ್ದ ಕಡೆಯಿಂದ ಬೆಟ್ಟದ ಆಚೆ ಬದಿ! ಸುಸ್ತಾದ ಕಾಲಿಗೆ ಇಳಿಜಾರು ಸಿಕ್ಕರೆ ತಲೆ ಕೆಲಸ ಮಾಡುವುದಿಲ್ಲ. ಅರ್ಧ ಗಂಟೆ ಮತ್ತೆ ಹತ್ತಿದೆ. ಆವತ್ತಿನಿಂದ ಹೋಗುವಾಗಲೇ ಆ ತಿರುವಿನಲ್ಲಿ ಹಿಂದೆ ತಿರುಗಿ ಒಂದು ಫೋಟೊ ತೆಗೆಯುತ್ತೇನೆ. ದಾರಿ ಹೋಗುವಾಗ ಕಂಡ ಹಾಗೆ ಬರುವಾಗ ಕಾಣುವುದಿಲ್ಲ. ಇನ್ನೊಂದು ಮೋಸ ಅಂದರೆ ನಿಜವಾದ ಕೀಹೋಲ್‌ಗೆ ಮುಂಚೆ ಸಿಗುವ ಅಂಥದೇ ಒಂದು ಕಂಡಿ. ಅದಕ್ಕೆ ಫಾಲ್ಸ್ ಕೀಹೋಲ್ ಅಂತಲೇ ಹೆಸರು. ಹಳದಿ-ಕೆಂಪು ಗುರುತು ಇಲ್ಲದ ಕಡೆ ಹತ್ತಬೇಡಿ.

ಎತ್ತರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಡಲ್ಲಾಸ್‌ನಿಂದ ಶುಕ್ರವಾರ ರಾತ್ರಿ ವಿಮಾನದಲ್ಲಿ ಬಂದು ಶನಿವಾರ ಬೆಳಗಿನ ಜಾವ ಹತ್ತುವ ಪ್ಲಾನ್ ಸುಮ್ನೆ ದುಡ್ಡು ದಂಡ. ಕನಿಷ್ಠ ಎರಡು ಮೂರು ರಾತ್ರಿ ಹತ್ತಿರದ ಎಸ್ಟೆಸ್ ಪಾರ್ಕ್ ಊರಿನಂಥ ಕಡೆ ಮಲಗಿ, ಅದು ಸುಮಾರು 2,300 ಮೀಟರ್. ತಲೆನೋವು, ವಾಕರಿಕೆ ಬಂದರೆ ಅಲ್ಲೇ ನಿಲ್ಲಿ. ಜಾಸ್ತಿ ಆದರೆ ಕೆಳಗಿಳಿಯುವುದೇ ಮದ್ದು. ಅಂಥವರಿಗೆ ಒಂದು ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯಲು ಹೇಳಿ ನೋಡಿ. ಓಲಾಡಿದರೆ ಮಾತೇ ಇಲ್ಲ, ಆ ಕ್ಷಣ ಇಳಿಸಬೇಕು, ಒಬ್ಬರನ್ನೇ ಕಳಿಸಬಾರದು. ಮಾತ್ರೆ ಬೇಕಾ ಅನ್ನುವುದನ್ನು ನಿಮ್ಮ ಡಾಕ್ಟರ್ ಹತ್ತಿರ ಕೇಳಿ, ನನ್ನ ಹತ್ತಿರ ಅಲ್ಲ.

ಚೀಲದಲ್ಲಿ ನೀರು ಮೂರರಿಂದ ನಾಲ್ಕು ಲೀಟರ್, ಮಳೆಯ ಜಾಕೆಟ್, ಬೆಚ್ಚಗಿನದೊಂದು, ಗ್ಲೌಸ್, ಎರಡನೇ ಟಾರ್ಚ್. ಜೀನ್ಸ್ ಬೇಡ. ಊಟದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಎತ್ತರದಲ್ಲಿ ಹಸಿವು ಸಾಯುತ್ತದೆ, ಸಿಹಿಯ ಎನರ್ಜಿ ಬಾರ್ ಗಂಟಲಲ್ಲಿ ಇಳಿಯುವುದಿಲ್ಲ. ಪುಳಿಯೋಗರೆ ಇಳಿಯುತ್ತದೆ. ಖಾರದ ಅವಲಕ್ಕಿ, ಖರ್ಜೂರವೂ ಇಳಿಯುತ್ತವೆ. ಚಿಕ್ಕಿ ಬೇಡ, ಬೆಳಗಿನ ಚಳಿಗೆ ಕಲ್ಲಾಗಿರುತ್ತದೆ, ಹಲ್ಲಿಗೆ ಅಪಾಯ. ನಡೆಯುವಾಗ ಊರುವ ಕೋಲುಗಳನ್ನು ಕೀಹೋಲ್ ಹತ್ತಿರ ಬಿಟ್ಟು ಹೋಗಬೇಕು, ಮುಂದೆ ಕೈ ಖಾಲಿ ಬೇಕು. ಅಲ್ಲಿ ಮಾರ್ಮೊಟ್ ಅನ್ನುವ ದಪ್ಪ ಅಳಿಲಿನಂಥ ಪ್ರಾಣಿಗಳಿವೆ. ಬೆವರಿನ ಉಪ್ಪಿಗಾಗಿ ಕೋಲಿನ ಪಟ್ಟಿ ಕಡಿದು ಹಾಕುತ್ತವೆ. ಪಟ್ಟಿಯನ್ನು ಅವಕ್ಕೆ ಎಟುಕದ ಹಾಗೆ ಸಿಕ್ಕಿಸಿ.

ಇನ್ನು ಆ ಫೋನಿನ ಪ್ರಶ್ನೆ. ಕುಮಾರ ಪರ್ವತ ಮೂರು ಸಲ ಹತ್ತಿದವರಿಗೆ ನಾನು ಕೇಳುವುದು, ಇಳಿದು ಕುಕ್ಕೆ ತಲುಪಿದಾಗ ಎಷ್ಟು ಗಂಟೆ, ಮಂಡಿ ಹೇಗಿತ್ತು ಅಂತ. ಅದಕ್ಕೆ ಉತ್ತರ ಇದ್ದರೆ ಮೊದಲು ಕ್ವಾಂಡರಿ ಪೀಕ್‌ಗೆ ಹೋಗಿಬನ್ನಿ ಅನ್ನುತ್ತೇನೆ. ಅದೂ 4,300 ಮೀಟರ್ ದಾಟಿದ ಬೆಟ್ಟವೇ, ಆದರೆ ಮಾಮೂಲಿ ದಾರಿಯಲ್ಲಿ ಕೈ ಊರುವ ಕೆಲಸ ಇಲ್ಲ. ಎತ್ತರಕ್ಕೆ ಮೈ ಹೇಗೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಆಮೇಲೆ ಎರಡು ವಾರಾಂತ್ಯ ಯಾವುದಾದರೂ ತಗ್ಗಿನ ಬಂಡೆಯ ಮೇಲೆ ನನ್ನ ಜೊತೆ. ಹತ್ತುವುದು ಸ್ವಲ್ಪ, ಇಳಿಯುವುದು ಜಾಸ್ತಿ. ಎರಡೂ ಆದ ಮೇಲೆ ಒಂದು ಕಾಗದ ತೆಗೆದುಕೊಂಡು ಬನ್ನಿ, ಮೇಲ್ಗಡೆ 12 ಗಂಟೆ ಅಂತ ಬರೆಯಿರಿ. ಉಳಿದದ್ದನ್ನು ಕಾಫಿ ಕುಡಿಯುತ್ತಾ ಒಟ್ಟಿಗೆ ಕೂತು ತುಂಬೋಣ.