ಪೋಕರ್‌ನಲ್ಲಿ ಸ್ಟ್ರೈಟ್ ಡ್ರಾ ಹಿಂದೆ ಹೋಗಬೇಕಾ? ಸಣ್ಣ ಟೇಬಲ್‌ಗಳ ಲೆಕ್ಕ

ಟೆಕ್ಸಾಸ್ ಹೋಲ್ಡೆಮ್ ಪೋಕರ್‌ನಲ್ಲಿ ನಿಮ್ಮ ಕೈಯಲ್ಲಿ ಎರಡು ಎಲೆ, ಬೋರ್ಡ್‌ನಲ್ಲಿ ಎಲ್ಲರಿಗೂ ಸೇರಿದ ಐದು: ಮೊದಲ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್. ಸಾಲಾದ ಐದು ಎಲೆ ಅಂದರೆ ಸ್ಟ್ರೈಟ್. ನಾಲ್ಕು ಸಾಲಾಗಿದ್ದು, ಯಾವ ತುದಿಗೆ ಒಂದು ಬಂದರೂ ಸಾಕಾದರೆ ಅದು ಎರಡೂ ಕಡೆ ತೆರೆದ ಸ್ಟ್ರೈಟ್ ಡ್ರಾ. ಫ್ಲಾಪ್‌ನಲ್ಲಿ ಅದು ಸಿಕ್ಕಿದರೆ, ಸ್ಟ್ರೈಟ್ ಆಗುವ ಸಾಧ್ಯತೆಗೆ ಎಲ್ಲರೂ ಹೇಳುವ ಅಂಕಿ 32%. 8 ಔಟ್ಸ್ (ಸ್ಟ್ರೈಟ್ ಪೂರ್ತಿ ಮಾಡುವ ಎಲೆಗಳು), 4ರಿಂದ ಗುಣಿಸು, ಆಯ್ತು. ನಿಖರವಾಗಿ 31.5%, ಗುಣಾಕಾರದಲ್ಲಿ ತಪ್ಪೇನಿಲ್ಲ. ಆದರೆ ಟರ್ನ್, ರಿವರ್ ಎರಡನ್ನೂ ಒಂದೇ ದುಡ್ಡಿಗೆ ನೋಡಲು ಸಿಕ್ಕಿದರೆ ಮಾತ್ರ ಅದು ನಿಜ, ಅಂದರೆ ಆಲ್-ಇನ್ ಆದಾಗ (ಹತ್ತಿರ ಇದ್ದದ್ದೆಲ್ಲ ಹಾಕಿದಾಗ). ಇಲ್ಲದಿದ್ದರೆ ಎದುರಿನವರು ಟರ್ನ್‌ನಲ್ಲಿ ಮತ್ತೆ ಬೆಟ್ ಹಾಕ್ತಾರೆ, ನೀವು ಮತ್ತೆ ಕೊಡಬೇಕು. ರಮ್ಮಿಯಲ್ಲಿ ಬೇಕಾದ ಎಲೆಗೆ ಪುಕ್ಕಟೆ ಕಾಯಬಹುದು, ಇಲ್ಲಿ ಒಂದೊಂದು ಎಲೆಗೂ ಬೆಲೆ ಇದೆ. ಹಾಗಾಗಿ ಒಂದು ಎಲೆಯ ಲೆಕ್ಕವನ್ನೇ ಹಿಡಿಯಿರಿ: ಸುಮಾರು 17%.

ಒಂದು ಕೈ ನೋಡೋಣ. 5/10 ಸೆಂಟ್ ಟೇಬಲ್, ಅಂದರೆ ಪ್ರತಿ ಕೈಗೂ ಇಬ್ಬರು ಕಡ್ಡಾಯವಾಗಿ 5 ಮತ್ತು 10 ಸೆಂಟ್ ಹಾಕುವ ಟೇಬಲ್. (2025ರ ಆಗಸ್ಟ್‌ನ ಕಾಯ್ದೆ ಭಾರತದಲ್ಲಿ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಆದ್ದರಿಂದ ಇದು ಬ್ರಿಟನ್ನಿನಂಥ ಕಡೆ ಇರುವವರಿಗೆ, ಇಲ್ಲವೇ ಸುಮ್ನೆ ಪುಕ್ಕಟೆ ಚಿಪ್ಸ್‌ನಲ್ಲಿ ಕಲಿಯುವವರಿಗೆ.) ನಿಮ್ಮ ಕೈಯಲ್ಲಿ 9-8, ಎರಡೂ ಕಳಾವರ್. ಫ್ಲಾಪ್ ಗುಲಾಮ-10-3, ಟರ್ನ್ 2. ಪಾಟ್‌ನಲ್ಲಿ (ಗೆದ್ದವರಿಗೆ ಹೋಗುವ ದುಡ್ಡು) 60 ಸೆಂಟ್ ಇದೆ, ಎದುರಿನವರು 30 ಹಾಕಿದರು. ಈಗ 90 ಗೆಲ್ಲಲು ನೀವು 30 ಕೊಡಬೇಕು, ಅಂದರೆ ಕನಿಷ್ಠ 25% ಸಲ ಗೆಲ್ಲಬೇಕು. ನಿಮಗೆ ಕಾಣದ 46 ಎಲೆಗಳಲ್ಲಿ 8 ಒಳ್ಳೆಯವು, 38 ಕೆಟ್ಟವು. 17.4%. ನೇರ ಲೆಕ್ಕದಲ್ಲಿ ಫೋಲ್ಡ್, ಅಂದರೆ ಎಲೆ ಬಿಟ್ಟುಬಿಡಿ.

ಅಲ್ಲಿಗೇ ನಿಲ್ಲಬೇಡಿ. 38 ಸಲ 30 ಸೆಂಟ್ ಕಳೆದರೆ 1140 ಹೋಯಿತು. ಅದು 8 ಗೆಲುವಿನಲ್ಲಿ ವಾಪಸ್ ಬರಬೇಕಾದರೆ ಪ್ರತಿ ಗೆಲುವಿಗೂ 142.5 ಬೇಕು. 90 ಆಗಲೇ ಪಾಟ್‌ನಲ್ಲಿದೆ. ಉಳಿದ 52.5 ಸೆಂಟ್ ರಿವರ್‌ನಲ್ಲಿ ಎದುರಿನವರಿಂದ ಸರಾಸರಿ ಬರಬೇಕು. ನೀವು ಕಾಲ್ ಮಾಡಿದ (ಅವರ ಬೆಟ್‌ನಷ್ಟೇ ಹಾಕಿದ) ಮೇಲೆ ಪಾಟ್ 120 ಇರುತ್ತೆ, ಅದರ ಅರ್ಧಕ್ಕಿಂತ ಕಡಿಮೆ ಬೆಟ್. ಸಣ್ಣ ಟೇಬಲ್‌ನಲ್ಲಿ ಒಂದು ಜೋಡಿ ಹಿಡಿದವರು ಇಷ್ಟು ಕೊಡ್ತಾರಾ? ಬಹಳ ಸಲ ಕೊಡ್ತಾರೆ. ಸಣ್ಣ ಆಟದಲ್ಲಿ ಡ್ರಾ ಹಿಂದೆ ಹೋಗಲು ಇರುವ ಗಟ್ಟಿ ಕಾರಣ ಇದೊಂದೇ: ಜನಕ್ಕೆ ಫೋಲ್ಡ್ ಮಾಡೋಕೆ ಮನಸ್ಸಾಗಲ್ಲ. ಅದೇ ಕಾರಣಕ್ಕೆ ಡ್ರಾ ಇಟ್ಟುಕೊಂಡು ದೊಡ್ಡ ಬೆಟ್ ಹಾಕಿ ಹೆದರಿಸುವ ಸೆಮಿ-ಬ್ಲಫ್ ಇಲ್ಲಿ ಅಷ್ಟಾಗಿ ನಡೆಯಲ್ಲ. ಹೆದರುವವರು ಬೇಕಲ್ವಾ?

ಈಗ ಬೋರ್ಡ್‌ನಲ್ಲಿ ಎರಡು ಆಟಿನ್ ಇವೆ ಅಂದುಕೊಳ್ಳಿ. ಆಟಿನ್ ರಾಣಿ, ಆಟಿನ್ 7 ಬಂದರೆ ನಿಮಗೆ ಸ್ಟ್ರೈಟ್, ಇನ್ಯಾರಿಗೋ ಅದನ್ನು ಸೋಲಿಸುವ ಫ್ಲಶ್ (ಒಂದೇ ಜಾತಿಯ ಐದು ಎಲೆ). ಆ ಎರಡನ್ನು ಪೂರ್ತಿ ತೆಗೆದರೆ ಉಳಿಯುವುದು 6 ಎಲೆ. ಲೆಕ್ಕ ಮತ್ತೆ ಹಾಕಿ: 40 ಸಲ 30, ಒಟ್ಟು 1200, ಆರರಿಂದ ಭಾಗಿಸಿದರೆ 200. ರಿವರ್‌ನಲ್ಲಿ ಬೇಕಾದ್ದು 52.5 ಅಲ್ಲ, 110! ಹೆಚ್ಚುಕಡಿಮೆ ಪಾಟ್‌ನಷ್ಟೇ ದೊಡ್ಡ ಬೆಟ್ ಹಾಕಿ, ಪ್ರತಿ ಸಲವೂ ಕಾಲ್ ಸಿಗಬೇಕು. ಎಲ್ಲ ಸಲವೂ ಎದುರಿಗೆ ಫ್ಲಶ್ ಇರಲ್ಲ, ನಿಜ, ಅದಕ್ಕೇ ಸರಿಯಾದ ಅಂಕಿ ಈ ಎರಡರ ನಡುವೆ ಎಲ್ಲೋ ಇದೆ. ಜೊತೆಗೆ ಸೈಟು ಕತ್ತರಿಸುವ ರೇಕ್ ಬೇರೆ.

ನಿಮ್ಮ ಔಟ್ಸ್ ಎಲ್ಲವೂ ಒಂದೇ ತೂಕದವಲ್ಲ ಅನ್ನೋದನ್ನೂ ಗಮನಿಸಿ. 7 ಬಂದರೆ 9-8 ಅತ್ಯುತ್ತಮ ಸ್ಟ್ರೈಟ್. ರಾಣಿ ಬಂದರೆ ಬೋರ್ಡ್‌ನಲ್ಲಿ 10-ಗುಲಾಮ-ರಾಣಿ ಸಾಲಾಗಿ ಕಾಣುತ್ತೆ, ಎಕ್ಕ-ರಾಜ ಅಥವಾ ರಾಜ-9 ಇರುವವರು ನಿಮ್ಮನ್ನು ಸೋಲಿಸ್ತಾರೆ, ಉಳಿದವರು ಹುಷಾರಾಗಿ ದುಡ್ಡು ಹಾಕಲ್ಲ. ಗೆದ್ದರೆ ಚಿಕ್ಕದು, ಸೋತರೆ ದೊಡ್ಡದು. ಗಟ್‌ಶಾಟ್ ಅಂದರೆ ಸಾಲಿನ ನಡುವೆ ಒಂದು ಎಲೆ ಕಡಿಮೆ ಇರುವ ಡ್ರಾ. ಅದಕ್ಕೇ ನನಗೆ ಅಂಥ ಎರಡು ಒಟ್ಟಿಗಿರುವ ಜೋಡಿ ಗಟ್‌ಶಾಟ್ ಇಷ್ಟ: ಕೈಯಲ್ಲಿ ಗುಲಾಮ-9, ಬೋರ್ಡ್ 8-7-5. 10 ಬಂದರೂ ಸ್ಟ್ರೈಟ್, 6 ಬಂದರೂ ಸ್ಟ್ರೈಟ್, ಔಟ್ಸ್ ಅದೇ 8, ಆದರೆ 10 ಬಂದಾಗ ಬೋರ್ಡ್ ನೋಡಿದವರಿಗೆ ಬೇಗ ಅನುಮಾನ ಬರಲ್ಲ.

ಒಂಟಿ ಗಟ್‌ಶಾಟ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 4 ಔಟ್ಸ್, ರಿವರ್‌ಗೆ 8.7%. ಅದೇ 30 ಸೆಂಟ್ ಬೆಟ್‌ಗೆ ಪ್ರತಿ ಗೆಲುವಿನಲ್ಲೂ 315 ಬೇಕು, ಅಂದರೆ ರಿವರ್‌ನಲ್ಲೇ 225. ಕಾಲ್ ಒತ್ತುವ ಮೊದಲು ಎದುರಿನವರ ಸ್ಟಾಕ್ ನೋಡಿ. ಅವರ ಹತ್ತಿರ 150 ಮಾತ್ರ ಉಳಿದಿದ್ದರೆ, ಅಷ್ಟನ್ನೂ ಕೊಟ್ಟರೂ ನಿಮಗೆ ನಷ್ಟವೇ.